ಲಂಡನ್ ಪ್ರವಾಸದ ಚಿತ್ರಗಳು ಮರುದಿನದ ಫೋಲ್ಡರಿಗೆ ಬೀಳುತ್ತಿವೆ: ಕ್ಯಾಮೆರಾದ ಸಮಯ ತಿದ್ದುವುದು ಹೇಗೆ?

ನಿವೃತ್ತ ಮೇಷ್ಟ್ರು, ದಾವಣಗೆರೆ

2025ರ ದೀಪಾವಳಿಗೆ ನಾನೂ ನನ್ನ ಪತ್ನಿಯೂ ಲಂಡನ್ನಿನಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಅಕ್ಟೋಬರ್ 18ರಂದು ಬೆಂಗಳೂರಿನಿಂದ ಹೊರಟು, ದುಬೈಯಲ್ಲಿ ಅರ್ಧ ದಿನ ಕಳೆದು ಲಂಡನ್ ಸೇರಿದೆವು. ನವೆಂಬರ್ 2ರಂದು ನೇರ ವಿಮಾನದಲ್ಲಿ ಮರಳಿದೆವು. ಕ್ಯಾಮೆರಾದ ಗಡಿಯಾರವನ್ನು ಬದಲಿಸಲು ನೆನಪಾಗಲಿಲ್ಲವಾದ್ದರಿಂದ ಅದು ಉದ್ದಕ್ಕೂ ಭಾರತದ ಸಮಯದಲ್ಲೇ ಇತ್ತು. ಪತ್ನಿಯ ಮೊಬೈಲು ಮಾತ್ರ ಇಳಿದ ಊರಿನ ಸಮಯಕ್ಕೆ ತಾನಾಗಿಯೇ ಹೊಂದಿಕೊಂಡಿತು.

ಈಗ ಎರಡರ ಚಿತ್ರಗಳನ್ನೂ, ಫೋಟೊಗಳನ್ನು ಜೋಡಿಸಿ ತಿದ್ದುವ ತಂತ್ರಾಂಶವಾದ ಲೈಟ್‌ರೂಮ್ ಕ್ಲಾಸಿಕ್‌ಗೆ ಸೇರಿಸಿ, ತೆಗೆದ ವೇಳೆಯ ಕ್ರಮದಲ್ಲಿ ಜೋಡಿಸಿದರೆ ಎಲ್ಲವೂ ಕಲಸುಮೇಲೋಗರವಾಗುತ್ತಿದೆ. ಒಂದೇ ಮೇಜಿನ ಮೇಲಿನ ತಿಂಡಿ ಮೊಬೈಲಿನ ಪ್ರಕಾರ ಬೆಳಗಿನ 9 ಗಂಟೆಯದು, ಕ್ಯಾಮೆರಾದ ಪ್ರಕಾರ ಮಧ್ಯಾಹ್ನ ಒಂದೂವರೆ ದಾಟಿದ ಮೇಲಿನದು. ಬಲಿಪಾಡ್ಯಮಿಯ ರಾತ್ರಿ 8 ಗಂಟೆಗೆ ಮಗಳು ಹಚ್ಚಿದ ಹಣತೆಗಳ ಚಿತ್ರ 22ನೇ ತಾರೀಖಿನ ಬದಲು 23ರ ಫೋಲ್ಡರಿನಲ್ಲಿ ಕುಳಿತಿದೆ. ಕ್ಯಾಮೆರಾದ ಎಲ್ಲ ಚಿತ್ರಗಳಿಂದ ನಾಲ್ಕೂವರೆ ಗಂಟೆ ಕಳೆದರೆ ಸಾಕೇ? ನಾವು ಅಲ್ಲಿರುವಾಗಲೇ ಒಂದು ರಾತ್ರಿ ಗಡಿಯಾರಗಳನ್ನು ಹಿಂದಕ್ಕೆ ತಿರುಗಿಸಿದ್ದರಿಂದ ನನಗೆ ಸಂಶಯವಿದೆ. ಗ್ರೀನಿಚ್‌ನ ಬಾಗಿಲ ಬಳಿಯ ಗೋಡೆ ಗಡಿಯಾರವೊಂದನ್ನೂ ತೆಗೆದಿದ್ದೇನೆ. ಅದು ಮಧ್ಯಾಹ್ನಕ್ಕೆ ಮುಂಚೆಯೇ ಐದೂ ಮುಕ್ಕಾಲರ ಸುಮಾರು ತೋರಿಸುತ್ತಿದ್ದುದರಿಂದ ಕೆಟ್ಟು ನಿಂತಿರಬೇಕೆಂದು ಭಾವಿಸಿದೆ.

ಕೋಟೆಬೆಳಕು, ಚಿತ್ರದುರ್ಗ

ಮೇಷ್ಟ್ರೇ, ಆ ಗಡಿಯಾರ ಕೆಟ್ಟಿರಲಿಲ್ಲ. ಅದು 1852ರಲ್ಲಿ ಗ್ರೀನಿಚ್ ವೀಕ್ಷಣಾಲಯದಲ್ಲಿ ಕೂರಿಸಿದ ಶೆಫರ್ಡ್ ಗಡಿಯಾರ. ಅದರ ಮುಖದ ಮೇಲಿರುವುದು 12 ಗಂಟೆಗಳಲ್ಲ, 24. ಸೊನ್ನೆ ಮೇಲ್ತುದಿಯಲ್ಲಿದ್ದರೆ 12 ಕೆಳತುದಿಯಲ್ಲಿದೆ. ಚಿತ್ರವನ್ನು ದೊಡ್ಡದು ಮಾಡಿ ರೋಮನ್ ಅಂಕಿಗಳನ್ನು ಓದಿ, ಕ್ಯಾಮೆರಾ ಅದೇ ಚಿತ್ರಕ್ಕೆ ಯಾವ ವೇಳೆ ಬರೆದಿದೆ ಎಂಬುದನ್ನೂ ತಿಳಿಸಿ. ನಿಮ್ಮ ಬೀಗದ ಕೈ ಅದೇ ಚಿತ್ರ.

ನಾಲ್ಕೂವರೆ ಗಂಟೆ ಕಳೆದರೆ ಏಕೆ ಸಾಲದು ಎಂದರೆ, ಇಲ್ಲಿ ಎರಡು ಬೇರೆ ಬೇರೆ ತಪ್ಪುಗಳು ಒಂದರ ಮೇಲೊಂದು ಕುಳಿತಿವೆ. ಮೊದಲನೆಯದು ಸಮಯ ವಲಯದ್ದು. ಚಿತ್ರದ ಜೊತೆ ಕ್ಯಾಮೆರಾ ಬರೆಯುವ ಎಕ್ಸಿಫ್ ಮಾಹಿತಿಯಲ್ಲಿ ದಿನಾಂಕ ಮತ್ತು ವೇಳೆಗೆ ಜಾಗವಿತ್ತೇ ಹೊರತು, ಆ ವೇಳೆ ಯಾವ ವಲಯದ್ದು ಎನ್ನುವುದಕ್ಕೆ 2016ರ 2.31ನೇ ಆವೃತ್ತಿ ಬರುವವರೆಗೂ ಜಾಗವೇ ಇರಲಿಲ್ಲ. ಎರಡನೆಯದು ಗಡಿಯಾರದ್ದೇ ತಪ್ಪು: ವರ್ಷಗಟ್ಟಲೆ ಮುಟ್ಟದ ಕ್ಯಾಮೆರಾದ ಗಡಿಯಾರ ಕೆಲವು ನಿಮಿಷ ಹಿಂದೆ ಮುಂದೆ ಆಗಿರುತ್ತದೆ. ಬರಿಯ ವಲಯದ ಲೆಕ್ಕ ಮಾಡಿದರೆ ಈ ನಿಮಿಷಗಳು ಉಳಿದುಹೋಗಿ, ಮೊಬೈಲಿನ ಚಿತ್ರಗಳ ನಡುವೆ ಕ್ಯಾಮೆರಾದ ಚಿತ್ರಗಳು ಮತ್ತೆ ತಪ್ಪು ಸಾಲಿನಲ್ಲಿ ನಿಲ್ಲುತ್ತವೆ.

ನಿವೃತ್ತ ಮೇಷ್ಟ್ರು

ನೋಡಿದೆ, ನಾಚಿಕೆಯೂ ಆಯಿತು. ಗಡಿಯಾರದಲ್ಲಿ 10 ಗಂಟೆ 42 ನಿಮಿಷ ಇದೆ. ಕ್ಯಾಮೆರಾ ಬರೆದಿರುವುದು ಅಕ್ಟೋಬರ್ 24ರ ಸಂಜೆ 4 ಗಂಟೆ 16 ನಿಮಿಷ. ಹಾಗಾದರೆ ವ್ಯತ್ಯಾಸ 5 ಗಂಟೆ 34 ನಿಮಿಷವಾಯಿತಲ್ಲ?

ಕೋಟೆಬೆಳಕು, ಚಿತ್ರದುರ್ಗ

ಹೌದು, ಆದರೆ ಅಲ್ಲೊಂದು ತೊಡಕಿದೆ. ಆ ಗಡಿಯಾರ ವರ್ಷವಿಡೀ ಗ್ರೀನಿಚ್ ಸಮಯವನ್ನೇ ತೋರಿಸುತ್ತದೆ, ಅಲ್ಲಿನವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಬೇಸಿಗೆ ಸಮಯಕ್ಕೆ ಬದಲಾಗುವುದಿಲ್ಲ. ಅಕ್ಟೋಬರ್ 24ರಂದು ಲಂಡನ್ನಿನಲ್ಲಿ ಬೇಸಿಗೆ ಸಮಯವೇ ನಡೆಯುತ್ತಿತ್ತು, ಆದ್ದರಿಂದ ಊರಿನ ಸಮಯ 11 ಗಂಟೆ 42 ನಿಮಿಷ. ಗ್ರೀನಿಚ್‌ಗೂ ನಮಗೂ ಐದೂವರೆ ಗಂಟೆಯ ಅಂತರ. ಮಿಕ್ಕ 4 ನಿಮಿಷ ನಿಮ್ಮ ಕ್ಯಾಮೆರಾ ಮುಂದಿರುವುದರಿಂದ ಬಂದದ್ದು. ಹೀಗಾಗಿ ಬೆಂಗಳೂರಿನ ಚಿತ್ರಗಳಿಂದ 4 ನಿಮಿಷ, ದುಬೈಯವುಗಳಿಂದ 1 ಗಂಟೆ 34 ನಿಮಿಷ, ಅಕ್ಟೋಬರ್ 25ರವರೆಗಿನ ಲಂಡನ್ನಿನವುಗಳಿಂದ 4 ಗಂಟೆ 34 ನಿಮಿಷ, ಗಡಿಯಾರ ಹಿಂದೆ ಸರಿದ 26ರ ಭಾನುವಾರದಿಂದ ಮುಂದಿನವುಗಳಿಂದ 5 ಗಂಟೆ 34 ನಿಮಿಷ ಕಳೆಯಬೇಕು. ವಿಮಾನದ ಕಿಟಕಿಯಿಂದ ತೆಗೆದವುಗಳಿಗೆ ಯಾವ ಊರಿನ ಸಮಯ ಎಂಬುದು ನಿಮ್ಮ ಇಷ್ಟ. ನಾನಾದರೆ ಇಳಿಯುವ ಊರಿನದನ್ನು ಕೊಡುತ್ತೇನೆ.

ಲೈಟ್‌ರೂಮ್‌ನಲ್ಲಿ ಮೊದಲು ಕ್ಯಾಮೆರಾದ ಹೆಸರಿನಿಂದ ಸೋಸಿ, ಮೊಬೈಲಿನ ಚಿತ್ರಗಳನ್ನು ಬದಿಗಿಡಿ. ಗ್ರಿಡ್ ನೋಟದಲ್ಲಿ 25ರವರೆಗಿನ ಲಂಡನ್ ಚಿತ್ರಗಳನ್ನೆಲ್ಲ ಆರಿಸಿ, ಅವುಗಳಲ್ಲಿ ಗ್ರೀನಿಚ್ ಚಿತ್ರವೇ ಹೆಚ್ಚು ಬೆಳಗಿರುವಂತೆ ಅದರ ಮೇಲೆ ಒತ್ತಿ, ಮೆಟಾಡೇಟಾ ಮೆನುವಿನ 'ಎಡಿಟ್ ಕ್ಯಾಪ್ಚರ್ ಟೈಮ್' ತೆರೆಯಿರಿ. ಅಲ್ಲಿ ಗಂಟೆಗಳ ಲೆಕ್ಕದಲ್ಲಿ ಸರಿಸುವ ಆಯ್ಕೆ ನಿಮ್ಮ 34 ನಿಮಿಷಗಳಿಗೆ ಒದಗುವುದಿಲ್ಲ; ನಿರ್ದಿಷ್ಟ ದಿನಾಂಕ ಮತ್ತು ವೇಳೆ ಕೊಡುವ ಆಯ್ಕೆಯಲ್ಲಿ 11:42 ಎಂದು ಬರೆಯಿರಿ. ಆ ಒಂದು ಚಿತ್ರ ಎಷ್ಟು ಸರಿಯುತ್ತದೆಯೋ, ಆರಿಸಿದ ಉಳಿದವೂ ಅಷ್ಟೇ ಸರಿಯುತ್ತವೆ. ತಪ್ಪಿದರೆ ಮೂಲ ವೇಳೆಗೆ ಮರಳಿಸುವ ಆಯ್ಕೆ ಅದೇ ಮೆನುವಿನಲ್ಲಿದೆ.

ಸ್ಟುಡಿಯೊದವ, ಹರಿಹರ

ಮದುವೆಗಳಲ್ಲಿ ಎರಡು ಮೂರು ಕ್ಯಾಮೆರಾ ಓಡಿಸುವ ನಮಗೆ ಇದು ಪ್ರತಿ ಮುಹೂರ್ತದ ಪಾಡು. ಒಮ್ಮೆ ನನ್ನ ಸಹಾಯಕನ ಕ್ಯಾಮೆರಾ ಏಳು ನಿಮಿಷ ಹಿಂದಿದ್ದು, ಆಲ್ಬಮ್ ಜೋಡಿಸುವಾಗ ಅಕ್ಷತೆ ಬಿದ್ದ ಮೇಲೆ ತಾಳಿ ಕಟ್ಟಿದಂತಾಗಿತ್ತು. ಅಂದಿನಿಂದ ಕೆಲಸ ಶುರು ಮಾಡುವ ಮುನ್ನ ಎಲ್ಲ ಕ್ಯಾಮೆರಾಗಳಿಂದಲೂ ಮೊಬೈಲಿನ ಗಡಿಯಾರವನ್ನು, ಸೆಕೆಂಡುಗಳು ಕಾಣುವಂತೆ, ಒಂದೊಂದು ಬಾರಿ ತೆಗೆದಿಡುತ್ತೇವೆ.

ಮೇಷ್ಟ್ರು ಗಡಿಯಾರ ಬದಲಿಸದೆ ಇದ್ದದ್ದು ನನ್ನ ಮಟ್ಟಿಗೆ ಒಳ್ಳೆಯದೇ ಆಯಿತು. ಪ್ರತಿ ಊರಿನಲ್ಲೂ ಬದಲಿಸಲು ಹೋದವರು ಒಂದು ಕಡೆಯಾದರೂ ಮರೆಯುತ್ತಾರೆ. ಎಲ್ಲಿ ಮರೆತರು ಎಂಬುದು ಆಮೇಲೆ ತಿಳಿಯುವುದಿಲ್ಲ. ಭಾರತದ ಸಮಯದಲ್ಲೇ ಇದ್ದ ಕ್ಯಾಮೆರಾಗೆ, 26ರ ನಸುಕಿನಲ್ಲಿ ಲಂಡನ್ನಿನಲ್ಲಿ ಎರಡು ಸಲ ಬಂದ ಒಂದು ಗಂಟೆಯ ಗೊಂದಲವೂ ತಟ್ಟಿಲ್ಲ. ಇನ್ನೊಂದು ಮಾತು: ಕಡತಗಳಿಗೆ ದಿನಾಂಕದ ಹೆಸರು ಕೊಡುವ ಕೆಲಸವನ್ನೂ ದಿನದ ಫೋಲ್ಡರುಗಳಿಗೆ ಹಂಚುವ ಕೆಲಸವನ್ನೂ ಸಮಯ ತಿದ್ದಿದ ನಂತರ ಇಟ್ಟುಕೊಳ್ಳಿ. ವೇಳೆ ಬದಲಾದರೂ ಹಳೆಯ ಹೆಸರು, ಹಳೆಯ ಫೋಲ್ಡರು ತಾವಾಗಿ ಬದಲಾಗುವುದಿಲ್ಲ. ನಿಮ್ಮ ಹಣತೆಗಳ ಚಿತ್ರವನ್ನು ಕೈಯಿಂದಲೇ 22ಕ್ಕೆ ಎಳೆದು ಹಾಕಬೇಕು.

ಹಳೆ ಬಡಾವಣೆ, ದಾವಣಗೆರೆ

ಹೊಸ ಕ್ಯಾಮೆರಾ ಆಗಿದ್ದರೆ ಇನ್ನೊಂದನ್ನು ಪರೀಕ್ಷಿಸಿ. ಅದು ವಲಯದ ಗುರುತನ್ನೂ ಬರೆಯುತ್ತಿದ್ದರೆ, ವೇಳೆಯನ್ನು ಸರಿಪಡಿಸಿದ ನಂತರವೂ ಚಿತ್ರದಲ್ಲಿ ಭಾರತದ ಐದೂವರೆಯೇ ಉಳಿದಿರಬಹುದು. ಆ ಗುರುತನ್ನು ನಂಬುವ ಬೇರೆ ತಂತ್ರಾಂಶಕ್ಕೆ ಚಿತ್ರ ಕೊಟ್ಟಾಗ ತೊಂದರೆ ಮರುಕಳಿಸುತ್ತದೆ. ಉಚಿತವಾಗಿ ಸಿಗುವ ಎಕ್ಸಿಫ್‌ಟೂಲ್‌ನಿಂದ ಅದನ್ನೂ ತಿದ್ದಬಹುದು. ಅದು ಮೂಲ ಕಡತದ ಪ್ರತಿಯೊಂದನ್ನು ತಾನೇ ಉಳಿಸಿಕೊಳ್ಳುತ್ತದೆ. ವಿಡಿಯೊಗಳನ್ನು ಇದೇ ಗುಂಪಿನಲ್ಲಿ ಸೇರಿಸಬೇಡಿ. ಎಂಪಿ4 ಕಡತದಲ್ಲಿ ವೇಳೆಯನ್ನು ಯುಟಿಸಿಯಲ್ಲಿ, ಅಂದರೆ ಗ್ರೀನಿಚ್ ಸಮಯಕ್ಕೆ ಸಮನಾದ ಜಾಗತಿಕ ಸಮಯದಲ್ಲಿ, ಬರೆಯಬೇಕೆಂಬುದು ನಿಯಮವಾದರೂ ಎಷ್ಟೋ ಕ್ಯಾಮೆರಾಗಳು ತಮ್ಮ ಗಡಿಯಾರದ ವೇಳೆಯನ್ನೇ ಬರೆದುಬಿಡುತ್ತವೆ. ಒಂದನ್ನು ತೆರೆದು ನೋಡಿದ ಮೇಲಷ್ಟೇ ಎಷ್ಟು ಸರಿಸಬೇಕೆಂದು ನಿರ್ಧರಿಸಿ.

ನಿವೃತ್ತ ಮೇಷ್ಟ್ರು

ನಾಲ್ಕು ಗುಂಪುಗಳನ್ನೂ ನಿನ್ನೆ ರಾತ್ರಿ ಮುಗಿಸಿದೆ. ವಿಡಿಯೊಗಳು ಬಾಕಿ ಇವೆ. ಎಲ್ಲವನ್ನೂ ವೇಳೆಯ ಕ್ರಮಕ್ಕೆ ಹಾಕಿದಾಗ, ಶೆಫರ್ಡ್ ಗಡಿಯಾರದ ಚಿತ್ರದ ಪಕ್ಕದಲ್ಲೇ ಪತ್ನಿ ಮೊಬೈಲಿನಲ್ಲಿ ತೆಗೆದ ಇನ್ನೊಂದು ಚಿತ್ರ ಬಂದು ನಿಂತಿತು: ಅದೇ ಗಡಿಯಾರದ ಮುಂದೆ ನಾನು ಬಾಗಿ ಕ್ಯಾಮೆರಾ ಹಿಡಿದಿದ್ದೇನೆ, ವೇಳೆ 11 ಗಂಟೆ 42 ನಿಮಿಷ.