ಸೆಕೆಂಡ್ ಲೈಫ್ ಸಂದರ್ಶನದಲ್ಲಿ ಪ್ರಶ್ನೆ-ಉತ್ತರ ಅದಲು ಬದಲು ಆಗುತ್ತಿದೆ

ಪ್ರಶ್ನೆ:
ನಮಸ್ಕಾರ. ಸೆಕೆಂಡ್ ಲೈಫ್ ಅನ್ನುವ ಆನ್‌ಲೈನ್ ಕಾಲ್ಪನಿಕ ಲೋಕದಲ್ಲಿ ಬಹಳ ಕಾಲದಿಂದ ಇರುವವರನ್ನು ನನ್ನ ಸಂಶೋಧನೆಗಾಗಿ ಸಂದರ್ಶಿಸುತ್ತಿದ್ದೇನೆ. ಎಲ್ಲಾ ಟೈಪ್ ಮಾಡಿಯೇ. ನಾನು ಮುಂದಿನ ಪ್ರಶ್ನೆ ಹಾಕಿದ ಮೇಲೆ ಹಿಂದಿನದರ ಉತ್ತರ ಬರುತ್ತದೆ, ಅದೂ ಒಂದೇ ಸಾಲು. ಅಲ್ಲಿನ ಕೋಣೆಯ ಬಾಗಿಲು ಹಾಕಿ ಕೂತರೂ ಹೊರಗಿನವರು ಮಧ್ಯೆ ಬಾಯಿ ಹಾಕುತ್ತಾರೆ. ಟೈಪಿಂಗ್ ಬಿಟ್ಟು ವಾಯ್ಸ್‌ಗೆ (ದನಿಯಲ್ಲಿ ಮಾತಾಡುವುದಕ್ಕೆ) ಹೋಗಲಾ?

ಉತ್ತರ:
ಮೊದಲು ಬಾಗಿಲಿನ ವಿಷಯ. ಲೋಕಲ್ ಚಾಟ್, ಅಂದರೆ ಸುತ್ತಲಿನವರಿಗೆಲ್ಲಾ ಕಾಣುವ ಚಾಟ್, ಆ ಲೋಕದೊಳಗೆ ಸುಮಾರು 20 ಮೀಟರ್ ದೂರದವರೆಗೆ ಕಾಣುತ್ತದೆ, ಶೌಟ್ (ಕೂಗುವ ಆಯ್ಕೆ) ಮಾಡಿದರೆ 100 ಮೀಟರ್. ಗೋಡೆ ಇದ್ದರೂ ಅಷ್ಟೇ. ಸಂದರ್ಶನವನ್ನು ಐಎಂಗೆ (ಇಬ್ಬರ ನಡುವಿನ ಖಾಸಗಿ ಸಂದೇಶಕ್ಕೆ) ಒಯ್ಯಿರಿ. ಗೋಡೆ ಚಾಟ್ ತಡೆಯುವುದಿಲ್ಲ ಅಂತ ಒಪ್ಪಿಗೆ ಕೇಳುವಾಗಲೇ ಅವರಿಗೆ ತಿಳಿಸಿ. ಎಷ್ಟೋ ಜನ ಗೋಡೆ ನಂಬಿಕೊಂಡು ಮನಸ್ಸು ಬಿಚ್ಚುತ್ತಾರೆ.

ವಾಯ್ಸ್ 2007ರಿಂದಲೇ ಇದೆ, ಆದರೆ ಅದನ್ನು ಆರಿಸುವುದು ಅವರಿಗೆ ಬಿಟ್ಟದ್ದು. ದನಿ ಕೇಳಿಸಿದರೆ ವಯಸ್ಸು, ಲಿಂಗ, ಊರು ಎಲ್ಲಾ ಹೊರಬೀಳಬಹುದು. ಅದನ್ನು ಬದಿಗಿಡುವುದಕ್ಕೇ ಕೆಲವರು ಅಲ್ಲಿಗೆ ಬಂದಿರುತ್ತಾರೆ, ಅಲ್ವಾ?

ನಿಜವಾದ ತೊಂದರೆ ಅವಸರ ಅಂತ ನನಗನ್ನಿಸುತ್ತದೆ. ಎದುರು ಕೂತಾಗ ಮುಖ ನೋಡಿ ತಿಳಿಯುತ್ತದೆ, ಇವರು ಇನ್ನೂ ಯೋಚಿಸುತ್ತಿದ್ದಾರೆ ಅಂತ. ಇಲ್ಲಿ ಆ ಸುಳಿವಿಲ್ಲ. ಟೈಪ್ ಮಾಡುತ್ತಿರುವ ಗುರುತು ನಿಂತಿತು ಅಂದರೆ ಉತ್ತರ ಮುಗಿಯಿತು ಅಂತಲ್ಲ. ಬರೆದದ್ದನ್ನು ಅಳಿಸಿ ಮತ್ತೆ ಬರೆಯುತ್ತಿರಬಹುದು, ಇನ್ನೊಬ್ಬರ ಐಎಂಗೆ ಉತ್ತರಿಸುತ್ತಿರಬಹುದು. ಮೊದಲೇ ಒಂದು ಗುರುತು ಮಾತಾಡಿಕೊಳ್ಳಿ: ಹೇಳುವುದು ಮುಗಿದಾಗ ಅವರು ಒಂದು ಚುಕ್ಕಿ ಕಳಿಸಲಿ. ಅಲ್ಲಿಯವರೆಗೆ ನೀವು ಸುಮ್ನೆ ಇರಿ. ತೀರಾ ತಡವಾದರೆ "ಓದುತ್ತಿದ್ದೇನೆ, ನಿಧಾನವಾಗಿ ಹೇಳಿ" ಅಂದರೆ ಸಾಕು. ಒಂದು ಸಲಕ್ಕೆ ಒಂದೇ ಪ್ರಶ್ನೆ.

ಇನ್ನೊಂದು: "ಈ ಜಾಗ ನಿಮಗೆ ಏನು?" ಅಂತ ಕೇಳಿದರೆ ಒಂದೇ ಸಾಲು ಬರುತ್ತದೆ. ಅವರು ಕಟ್ಟಿದ ಮನೆಯನ್ನೋ ತೋಟವನ್ನೋ ತೋರಿಸಲು ಹೇಳಿ, ಜೊತೆಗೆ ನಡೆಯಿರಿ. ಕಣ್ಣೆದುರು ವಸ್ತು ಇದ್ದಾಗ ಮಾತು ತಾನಾಗಿ ಬರುತ್ತದೆ.

ಶುರು ಮಾಡುವ ಮುಂಚೆ ಚಾಟ್ ಲಾಗ್ (ಮಾತುಕತೆಯ ದಾಖಲೆ) ಉಳಿಯುತ್ತಿದೆಯಾ, ಜೊತೆಗೆ ಸಮಯ ದಾಖಲಾಗುತ್ತಿದೆಯಾ ನೋಡಿಕೊಳ್ಳಿ. ಎಲ್ಲಿ ತಡೆದು ಉತ್ತರಿಸಿದರು ಅನ್ನುವುದೂ ನಿಮಗೆ ಮಾಹಿತಿಯೇ.

ಪ್ರಶ್ನೆ ಕೇಳಿದವರು:
ಚುಕ್ಕಿಯ ಉಪಾಯ ಇಂದೇ ಬಳಸುತ್ತೇನೆ, ತುಂಬಾ ಥ್ಯಾಂಕ್ಸ್. ವರದಿಯಲ್ಲಿ ಅವರ ಅವತಾರ್ (ಅಲ್ಲಿ ಅವರು ತಾಳಿರುವ ರೂಪ) ಹೆಸರು ಹಾಗೇ ಇಡಬಹುದಾ? ಹೇಗಿದ್ದರೂ ಅದು ನಿಜವಾದ ಹೆಸರಲ್ಲವಲ್ಲ.

ಉತ್ತರ:
ಬೇಡ. ಆ ಹೆಸರನ್ನು ಹುಡುಕಿದರೆ ಪ್ರೊಫೈಲ್ ಸಿಗುತ್ತದೆ. ಅವರ ಗೆಳೆತನ, ವ್ಯಾಪಾರ, ಮರ್ಯಾದೆ ಎಲ್ಲಾ ಅದರ ಮೇಲೇ ನಿಂತಿರುತ್ತದೆ. ಬೇರೆ ಹೆಸರಿಡಿ. ಪ್ರೊಫೈಲ್‌ನ ಸಾಲುಗಳನ್ನೂ ಇದ್ದಹಾಗೆ ಎತ್ತಿ ಹಾಕಬೇಡಿ. ಹೆಸರು ಇರಲಿ ಅಂತ ಅವರೇ ಬಯಸಿದರೆ ಮಾತ್ರ ಲಿಖಿತ ಒಪ್ಪಿಗೆ ತೆಗೆದುಕೊಂಡು ಇಡಿ.