ಲೀಗಲ್ ಏಡ್ ಕ್ಲಿನಿಕ್‌ನಲ್ಲಿ ಕ್ರಿಮಿನಲ್ ಕೇಸು: ಮೊದಲ ಸಲ ಜೈಲಿಗೆ ಹೋಗುವ ಮುಂಚೆ ಏನು ಓದಲಿ?

ಕೇಳಿದ್ದು: ನಾನು ನಾಲ್ಕನೇ ವರ್ಷದ ಕಾನೂನು ವಿದ್ಯಾರ್ಥಿನಿ. ಮುಂದಿನ ತಿಂಗಳಿಂದ ಕಾಲೇಜಿನ ಕ್ಲಿನಿಕ್‌ನಲ್ಲಿ ಕ್ರಿಮಿನಲ್ ಕೇಸುಗಳಿಗೆ ಹಾಕಿದ್ದಾರೆ. ಜೈಲಿಗೆ ಹೋಗಿ ಕಕ್ಷಿದಾರರ ಜೊತೆ ಮಾತಾಡಬೇಕಂತೆ. ಭಯ ಆಗ್ತಿದೆ. ಏನು ಓದಿಕೊಂಡು ಹೋಗಲಿ? ಮಾಡಿದವರು ಹೇಳಿ.

ಉತ್ತರ: ಓದೋದು ಆಮೇಲೆ. ಮೊದಲು ಎರಡು ಪೆನ್ನು, ಒಂದು ನೋಟ್‌ಬುಕ್ ತಗೊಳ್ಳಿ. ಮೊಬೈಲ್ ಗೇಟಿನಲ್ಲೇ ಕೊಟ್ಟು ಹೋಗಬೇಕು. ನಾನು ಮೊದಲ ದಿನ ಪ್ರಶ್ನೆಗಳನ್ನೆಲ್ಲ ಮೊಬೈಲ್‌ನಲ್ಲೇ ಬರೆದುಕೊಂಡು ಹೋಗಿ ಒಳಗೆ ಪೆಚ್ಚಾಗಿ ಕೂತಿದ್ದೆ.

ಎರಡನೆಯದು, ವಾದ ಮಾಡುವ ಕನಸು ಬಿಡಿ. ಅಮೆರಿಕದ ಕ್ಲಿನಿಕ್‌ಗಳಲ್ಲಿ ವಿದ್ಯಾರ್ಥಿಗಳೇ ಕೋರ್ಟಿನಲ್ಲಿ ನಿಂತು ಮಾತಾಡುತ್ತಾರೆ, ಪಕ್ಕದಲ್ಲಿ ಮೇಷ್ಟ್ರು ಇರುತ್ತಾರೆ. ನಮ್ಮಲ್ಲಿ ವಕೀಲಿ ಸನ್ನದು ಬರುವ ತನಕ ಆ ಕೆಲಸ ಪ್ಯಾನೆಲ್ ವಕೀಲರದ್ದು, ಅಂದರೆ ಕಾನೂನು ಸೇವಾ ಪ್ರಾಧಿಕಾರದ ಪಟ್ಟಿಯಲ್ಲಿರುವ ವಕೀಲರದ್ದು. ನಮ್ಮದು ಓಡಾಟ, ಬರವಣಿಗೆ, ಲೆಕ್ಕ. ಆದರೆ ಆ ಲೆಕ್ಕದಲ್ಲೇ ಮನುಷ್ಯನ ದಿನಗಳಿವೆ.

ನನಗೆ ಸಿಕ್ಕಿದ್ದ ಹುಡುಗನಿಗೆ ಇಪ್ಪತ್ತೆರಡು ವರ್ಷ. ರಾಯಚೂರು ಕಡೆಯವನು, ಬೆಂಗಳೂರಿನಲ್ಲಿ ಗಾರೆ ಕೆಲಸ. ಬೈಕ್ ಕಳವಿನ ಆರೋಪ. ಮೂರು ವರ್ಷದವರೆಗೆ ಶಿಕ್ಷೆ ಆಗಬಹುದಾದ ಕೇಸು. ಇಂಥದ್ದರಲ್ಲಿ 60 ದಿನದೊಳಗೆ ಚಾರ್ಜ್‌ಶೀಟ್ ಬರದಿದ್ದರೆ ಜಾಮೀನು ಕೇಳುವುದು ಹಕ್ಕು. ನಾನು ಅರೆಸ್ಟ್ ಆದ ದಿನದಿಂದ ಎಣಿಸಿ ಅರ್ಜಿ ತಯಾರು ಮಾಡಿಬಿಟ್ಟೆ. ನಮ್ಮ ಪ್ಯಾನೆಲ್ ವಕೀಲರು ನೋಡಿ, 'ಏನ್ರೀ ಇದು, ರಿಮಾಂಡ್ ಡೇಟ್ ಎಲ್ಲಿ?' ಅಂದರು. ಎಣಿಕೆ ಶುರುವಾಗೋದು ಮ್ಯಾಜಿಸ್ಟ್ರೇಟ್ ಮೊದಲ ಸಲ ರಿಮಾಂಡ್ ಮಾಡಿದ, ಅಂದರೆ ಕಸ್ಟಡಿಗೆ ಕಳಿಸಿದ ದಿನದಿಂದ, ಆ ದಿನವೂ ಸೇರಿ. ಒಂದು ದಿನ ಮುಂಚೆ ಹಾಕಿದರೆ ಅರ್ಜಿ ನಿಲ್ಲುವುದಿಲ್ಲ. ತಡ ಮಾಡಿದಿರೋ, ಅಷ್ಟರಲ್ಲಿ ಚಾರ್ಜ್‌ಶೀಟ್ ಬಂದರೆ ಹಕ್ಕೇ ಹೋಯಿತು. ನಾವು 61ನೇ ದಿನ ಬೆಳಿಗ್ಗೆಯೇ ಹಾಕಿದೆವು. ಜಾಮೀನು ಸಿಕ್ಕಿತು.

ಆಮೇಲೆ ನಾನು ಮಾಡಿದ ತಪ್ಪು ಕೇಳಿ. ಖುಷಿಯಲ್ಲಿ ಅವನಿಗೆ 'ಇನ್ನೊಂದು ವಾರ, ಆಚೆ ಬರ್ತೀಯ' ಅಂದುಬಿಟ್ಟೆ. ಅವನು ಅದನ್ನೇ ಅಮ್ಮನಿಗೆ ಫೋನಿನಲ್ಲಿ ಹೇಳಿದ್ದ.

ಆರ್ಡರಿನಲ್ಲಿ ಒಬ್ಬ ಶ್ಯೂರಿಟಿ, ಅಂದರೆ ಅವನ ಪರವಾಗಿ ಹೊಣೆ ಹೊರುವವರು, ಬೇಕು ಅಂತಿತ್ತು. ಊರಿಂದ ಅವನ ಅಪ್ಪ ರಾತ್ರಿ ಬಸ್ಸಿಗೆ ಬಂದರು. ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್, ರೇಷನ್ ಕಾರ್ಡು, ನಾಲ್ಕು ಮಡಿಕೆ ಮಾಡಿದ ಪಹಣಿ. ಬಿಡಿಸಿ ನೋಡಿದರೆ ಹೊಲ ಇನ್ನೂ ತಾತನ ಹೆಸರಲ್ಲೇ ಇದೆ. ತಾತ ತೀರಿಕೊಂಡು ಎಷ್ಟೋ ವರ್ಷ ಆಗಿದೆ. ಪೌತಿ ಖಾತೆ ಮಾಡಿಸಿಲ್ಲ. 'ನಮ್ಮದೇ ಹೊಲ ಐತ್ರಿ, ನಾನೇ ಉಳತೀನಿ' ಅಂತ ಅವರು ಮತ್ತೆ ಮತ್ತೆ ಹೇಳಿದರು. ಕೋರ್ಟ್ ಆಫೀಸಿನವರು ಕಾಗದ ವಾಪಸ್ ಕೊಟ್ಟರು. ಹುಡುಗ ಒಳಗೇ ಉಳಿದ.

ಆಗ ನೆರವಿಗೆ ಬಂದದ್ದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಕೊಟ್ಟ ನಿರ್ದೇಶನ. ಜಾಮೀನು ಸಿಕ್ಕಿ ಒಂದು ತಿಂಗಳಾದರೂ ಬಾಂಡ್ ಕೊಡಲು ಆಗದಿದ್ದರೆ, ಷರತ್ತು ಸಡಿಲಿಸಬೇಕೇ ಅಂತ ಕೋರ್ಟೇ ಪರಿಶೀಲಿಸಬಹುದು. ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಅಂತಲೂ ಅದರಲ್ಲಿದೆ. ನಾವು ಅರ್ಜಿ ಹಾಕಿ ಶ್ಯೂರಿಟಿ ಬದಲು ನಗದು ಭದ್ರತೆ ಕೇಳಿದೆವು. ಒಪ್ಪಿದರು. ಜಾಮೀನಾದ ಮೇಲೂ ಅವನು ಒಳಗೆ ಕಳೆದದ್ದು 47 ದಿನ.

ಅದಕ್ಕೇ ಹೇಳೋದು, ಮೊದಲ ಭೇಟಿಯಲ್ಲೇ ಕೇಳಿ: ನಿಮಗಾಗಿ ಯಾರು ಬರ್ತಾರೆ? ಅವರ ಹೆಸರಲ್ಲಿ ಏನಿದೆ? ಕೇಸಿನ ಕತೆ ಎರಡನೇ ಸಲ ಕೇಳಿದರೂ ನಡೆಯುತ್ತದೆ.

ಇನ್ನೊಬ್ಬರು: ನಾನು ಪ್ಯಾನೆಲ್‌ನಲ್ಲಿದ್ದೇನೆ. ಮೇಲೆ ಹೇಳಿದ್ದು ಸರಿ. ಒಂದು ಸೇರಿಸ್ತೀನಿ. ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲು ಬಂದ ಕಾನೂನು) 479ನೇ ಸೆಕ್ಷನ್ ನೋಡಿಕೊಂಡು ಹೋಗಮ್ಮ. ಹಿಂದೆ ಯಾವ ಕೇಸಿನಲ್ಲೂ ಅಪರಾಧಿ ಅಂತ ತೀರ್ಪಾಗಿರದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗಿದ್ದರೆ ಬಿಡಬೇಕು, ಉಳಿದವರನ್ನು ಅರ್ಧಕ್ಕೆ. ಮರಣದಂಡನೆ, ಜೀವಾವಧಿ ಇರುವ ಕೇಸಿಗೆ ಇಲ್ಲ. ಒಂದಕ್ಕಿಂತ ಜಾಸ್ತಿ ಕೇಸು ಬಾಕಿ ಇದ್ದರೂ ಕಷ್ಟ. ಹಾಗಾಗಿ 'ಬೇರೆ ಕೇಸು ಇದೆಯಾ' ಅಂತ ಕೇಳಿ, ಇಲ್ಲ ಅಂದರೂ ಇ-ಕೋರ್ಟ್ಸ್‌ನಲ್ಲಿ ಹೆಸರು ಹಾಕಿ ನೋಡಿ. ಸುಳ್ಳು ಹೇಳ್ತಾರೆ ಅಂತಲ್ಲ, ಎಷ್ಟೋ ಜನಕ್ಕೆ ಅವರ ಮೇಲೆ ಏನೇನಿದೆ ಅಂತಲೇ ಗೊತ್ತಿರಲ್ಲ. ಇನ್ನೊಂದು, ಕಸ್ಟಡಿಯಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಇದನ್ನು ಅವರಿಗೆ ಹೇಳಿ.

ಕೇಳಿದವರು: ಥ್ಯಾಂಕ್ಸ್ ಸರ್. 'ನಾನೇ ಮಾಡಿದ್ದು' ಅಂದುಬಿಟ್ಟರೆ ಏನು ಮಾಡಲಿ?

ಮೊದಲು ಉತ್ತರಿಸಿದವರು: ಬರೆದುಕೊಂಡು ವಕೀಲರಿಗೆ ಮಾತ್ರ ಹೇಳಿ. ಹಾಸ್ಟೆಲ್‌ನಲ್ಲಿ ಬೇಡ. ನನಗೆ ಹಾಗೆ ಹೇಳಿದವರು ಒಬ್ಬರೇ, ಅದೂ ಮೂರನೇ ಭೇಟಿಯಲ್ಲಿ. ಮೊದಲ ಭೇಟಿಯಲ್ಲಿ ಅವರು ಕೇಳಿದ್ದು ಇಷ್ಟೇ: ರೂಮಿನ ಬಾಡಿಗೆ ಯಾರಾದರೂ ಕಟ್ಟಿದ್ದಾರಾ, ಸಾಮಾನು ಹೊರಗೆ ಹಾಕಿದ್ದಾರಾ? ಹೋಗಿ ನೋಡಿಕೊಂಡು ಬಂದೆ. ಹಾಕಿರಲಿಲ್ಲ.