ಅಪ್‌ಡೇಟ್: ಕಾರಿನ ಹಿಂದಿನ ಸೈಡ್ ಗ್ಲಾಸ್ ಕೊನೆಗೂ ಹಾಕಿಸಿದೆ

ಹಿಂದಿನ ಬಾಗಿಲಿನ ಆಚೆ ಇರೋ, ಇಳಿಸೋಕೆ ಬರದ ಗ್ಲಾಸ್ ಒಡೆದಿದೆ, ಮೈಸೂರಲ್ಲಿ ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ, ಪಕ್ಕದ ಸೈಟಿನ ಹುಲ್ಲು ಕತ್ತರಿಸುವ ಮೆಷಿನ್‌ನಿಂದ ಕಲ್ಲು ಸಿಡಿದು ಒಡೆದಿತ್ತು. ಕೆಲಸ ಮುಗೀತು.

ಬಿರುಕಿಗೆ ರೆಸಿನ್ (ಗಟ್ಟಿಯಾಗೋ ಪಾರದರ್ಶಕ ಅಂಟು) ತುಂಬಿಸಿ ಅನ್ನೋ ನಿಮ್ಮ ಸಲಹೆ ನಡೆಯಲಿಲ್ಲ. ಅದು ಎರಡು ಪದರದ ಮುಂದಿನ ಗ್ಲಾಸಿಗೆ ಮಾತ್ರ. ಇದು ಟೆಂಪರ್ಡ್, ಅಂದ್ರೆ ಕಾಯಿಸಿ ಗಟ್ಟಿ ಮಾಡಿದ ಒಂದೇ ಪದರದ ಗ್ಲಾಸ್, ಒಡೆದರೆ ಕಲ್ಲುಸಕ್ಕರೆ ಥರ ಪುಡಿಪುಡಿ. ರಬ್ಬರ್ ಬೀಡಿಂಗ್ ಬಿಚ್ಚಿ ನೀವೇ ಕೂರಿಸಿ ಅಂದದ್ದೂ ಆಗಲಿಲ್ಲ, ನನ್ನ ಗಾಡಿಯಲ್ಲಿ ಪಿಯು (ಪಾಲಿಯುರೆಥೇನ್) ಅಂಟಿನಿಂದ ಬಾಡಿಗೇ ಅಂಟಿಸಿದ್ದಾರೆ.

ಗುಜರಿ ಗಾಡಿಯ ಗ್ಲಾಸ್ ಹುಡುಕಿ ಅಂದವರಿಗೆ ದೊಡ್ಡ ಥ್ಯಾಂಕ್ಸ್! ಬನ್ನಿಮಂಟಪದ ಕಡೆ ಸಿಕ್ಕಿತು. ಗುಜರಿಯವರು ತಂತಿಯಿಂದ ಹಳೇ ಅಂಟು ಕೊಯ್ದು ಗ್ಲಾಸ್ ತೆಗೆದಿದ್ದರು, ಒಂದು ಗೀರೂ ಇಲ್ಲ. ಗ್ಲಾಸ್ ಹಾಕುವವರು ಪ್ರೈಮರ್ (ಅಂಟು ಚೆನ್ನಾಗಿ ಹಿಡಿಯೋಕೆ ಮೊದಲು ಹಚ್ಚೋ ದ್ರವ) ಹಚ್ಚಿ ನನ್ನ ಗಾಡಿಗೆ ಅಂಟಿಸಿದರು. ಅಂಟು ಗಟ್ಟಿಯಾಗೋವರೆಗೂ ಇನ್ನೊಂದು ಕಿಟಕಿ ಸ್ವಲ್ಪ ಇಳಿಸಿಡಿ, ಬಾಗಿಲು ಜೋರಾಗಿ ಹಾಕಬೇಡಿ ಅಂದರು, ಒಳಗಿನ ಗಾಳಿಯ ಒತ್ತಡಕ್ಕೇ ಗ್ಲಾಸ್ ಜರುಗಬಹುದಂತೆ. ಇದು ನನಗೆ ಹೊಸದು.

ಚೂರುಗಳು ಒಳಗಿನ ಪ್ಲಾಸ್ಟಿಕ್ ಪ್ಯಾನೆಲ್ ಹಿಂದೆ ಸೇರಿರುತ್ತವೆ. ಪ್ಯಾನೆಲ್ ಬಿಚ್ಚಿಸಿ ವ್ಯಾಕ್ಯೂಮ್ ಹಾಕಿಸಿ, ಇಲ್ಲಾಂದ್ರೆ ರಸ್ತೆಯ ಪ್ರತಿ ಹಂಪ್‌ನಲ್ಲೂ ಗಲಗಲ.

ಇನ್ಶೂರೆನ್ಸ್‌ನಲ್ಲಿ ಗಾಜಿಗೆ ಸವಕಳಿ ಕಡಿತ (ಹಳೆಯದಾಯ್ತು ಅಂತ ಹಣ ಕಡಿಮೆ ಮಾಡೋದು) ಇಲ್ಲ, ನಿಜ. ಆದರೆ ಸುಮ್ನೆ ನೋ ಕ್ಲೈಮ್ ಬೋನಸ್ (ಕ್ಲೈಮ್ ಮಾಡದಿದ್ರೆ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ) ಯಾಕೆ ಕಳೆದುಕೊಳ್ಳಲಿ ಅಂತ ಕೈಯಿಂದಲೇ ಕೊಟ್ಟೆ. ಮೊನ್ನೆ ಜೋರು ಮಳೆ ಬಂತು, ಒಂದು ಹನಿಯೂ ಒಳಗೆ ಬರಲಿಲ್ಲ.